ಎಂಜಿನ್ ನಿಂತಾಗ ಮೂತಿ ತಗ್ಗಿಸಬೇಕು



ಈ ಸಲದ ಚಿಂತನೆಗೆ ನಾವು ಎತ್ತಿಕೊಂಡ ವಿಷಯ ನೋಡಿ ಕೆಲವರು ಹುಬ್ಬೇರಿಸಬಹುದು. ಮಠದ ಪತ್ರಿಕೆಗೂ ವಿಮಾನಕ್ಕೂ ಎತ್ತಣ ನಂಟು ಎಂದು ಕೇಳಬಹುದು. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆಯ ನಮ್ಮ ಒಕ್ಕಲು ಬಂಧುಗಳಲ್ಲಿ ವಿಮಾನ ಹತ್ತಿದವರು ಎಷ್ಟು ಮಂದಿ? ಆದರೆ ಶರಣರ ರೀತಿಯನ್ನು ನೆನೆಯಿರಿ. ಅಂಬಿಗರ ಚೌಡಯ್ಯನವರಿಗೆ ದೋಣಿಯೇ ಧರ್ಮ ಹೇಳುವ ಸಾಧನ, ಜೇಡರ ದಾಸಿಮಯ್ಯನವರಿಗೆ ಮಗ್ಗ, ನುಲಿಯ ಚಂದಯ್ಯನವರಿಗೆ ಹಗ್ಗ. ತಮ್ಮ ಕಣ್ಣ ಮುಂದಿದ್ದ ಸಲಕರಣೆಯನ್ನೇ ಹಿಡಿದು ಅವರು ಅನುಭಾವ ನುಡಿದರು. ಇಂದು ಅವರಿದ್ದಿದ್ದರೆ ಟ್ರ್ಯಾಕ್ಟರನ್ನೂ ಬಿಡುತ್ತಿರಲಿಲ್ಲ, ವಿಮಾನವನ್ನೂ ಬಿಡುತ್ತಿರಲಿಲ್ಲ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಮುಂಜಾನೆ ಎದ್ದ ಒಂದು ಚಿಕ್ಕ ತರಬೇತಿ ವಿಮಾನ ತೊಂದರೆಗೆ ಸಿಕ್ಕು ಸಮೀಪದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದವರು ಇಬ್ಬರು, ಕಲಿಸುವವರೊಬ್ಬರು, ಕಲಿಯುವವರೊಬ್ಬರು. ಇಬ್ಬರೂ ಬದುಕಿದರು. ಅದರ ಹಿಂದಿನ ವರ್ಷ, 2022ರ ಜುಲೈ 25ರಂದು, ನಮ್ಮ ನೆರೆಯ ಇಂದಾಪುರ ತಾಲೂಕಿನ ಕಡಬನವಾಡಿಯ ಹೊಲಕ್ಕೆ ಇಂಥದೇ ಚಿಕ್ಕ ವಿಮಾನವೊಂದು ಬಂದು ಬಿದ್ದಿತು. ಅದನ್ನು ಒಬ್ಬಳೇ ನಡೆಸುತ್ತಿದ್ದವಳು ಬಾರಾಮತಿಯಲ್ಲಿ ಕಲಿಯುತ್ತಿದ್ದ ಇನ್ನೂ ಎಳೆಯ ವಯಸ್ಸಿನ ಹುಡುಗಿ. ಆಕೆಯೂ ಸಣ್ಣಪುಟ್ಟ ಗಾಯದಲ್ಲಿ ಪಾರಾದಳು. ಎರಡೂ ಕಡೆ ಮಡಿಲು ಕೊಟ್ಟದ್ದು ಒಕ್ಕಲಿಗನ ಹೊಲ ಎಂಬುದನ್ನು ಇಲ್ಲಿ ಗುರುತು ಹಾಕಿಡೋಣ, ಮುಂದೆ ಅದರ ಕಡೆಗೆ ಬರಬೇಕಾಗಿದೆ.

ಇವುಗಳಿಗಿಂತ ವಿವರವಾಗಿ ತನಿಖೆಯ ವರದಿ ಹೊರಬಂದದ್ದು ದೂರದ ಅಮೆರಿಕದ ಒಂದು ಪ್ರಸಂಗದ್ದು. ಹ್ಯಾರಿಸನ್ ಫೋರ್ಡ್ ಎಂಬ ಹೆಸರಾಂತ ಚಿತ್ರನಟರು ವಿಮಾನ ನಡೆಸಬಲ್ಲವರೂ ಹೌದು. 2015ರ ಮಾರ್ಚ್ 5ರಂದು, ತಮ್ಮ 72ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್ ಬಳಿಯ ಸಾಂಟಾ ಮೋನಿಕಾ ನಿಲ್ದಾಣದಿಂದ ತಮ್ಮ ಹಳೆಯ ವಿಮಾನದಲ್ಲಿ ಒಬ್ಬರೇ ಎದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಹುಡುಗರಿಗೆ ಹಾರಾಟ ಕಲಿಸಲು ಕಟ್ಟಿದ ಜಾತಿಯ, ಮೇಲೆ ಮುಚ್ಚಿಗೆಯಿಲ್ಲದ ವಿಮಾನ ಅದು. ಎದ್ದು ಸ್ವಲ್ಪ ಹೊತ್ತಾಗಿರಬೇಕು, ಸುಮಾರು 1,100 ಅಡಿ ಎತ್ತರದಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡಿತು. ಕೆಳಗೆ ಒತ್ತೊತ್ತಾಗಿ ಮನೆಗಳು. ಅವರು ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಗೋಜಿಗೆ ಹೋಗಲಿಲ್ಲ. ಗಂಟೆಗೆ 85 ಮೈಲಿಯ ವೇಗ ಕಾಯ್ದುಕೊಂಡು, ಎಡಕ್ಕೆ ಹೊರಳಿ ನಿಲ್ದಾಣಕ್ಕೆ ಮರಳಲು ನೋಡಿದರು. ನಡುದಾರಿಯಲ್ಲಿ, ಅಲ್ಲಿಗೆ ಮುಟ್ಟುವುದು ಆಗದ ಮಾತು ಎಂಬುದು ತಿಳಿಯಿತು. ಕೂಡಲೇ ಆ ಆಸೆ ಬಿಟ್ಟರು. ಹತ್ತಿರವಿದ್ದ ಗಾಲ್ಫ್ ಆಟದ ಮೈದಾನವೇ ಗತಿಯಾಯಿತು. ಸುಮಾರು 65 ಅಡಿಯ ಒಂದು ಮರದ ತುದಿಗೆ ತಾಗಿ ವಿಮಾನ ಹುಲ್ಲಿನ ಮೇಲೆ ಅಪ್ಪಳಿಸಿತು. ಸೊಂಟದ ಎಲುಬು, ಕಾಲಿನ ಹರಡು ಮುರಿದವು. ನೆಲದ ಮೇಲೆ ಒಬ್ಬರಿಗೂ ಗಾಯವಾಗಲಿಲ್ಲ. ಅಲ್ಲೇ ಆಡುತ್ತಿದ್ದವರಲ್ಲಿ ವೈದ್ಯರೊಬ್ಬರಿದ್ದು ಓಡಿ ಬಂದು ಉಪಚರಿಸಿದರು. ಮುಂದೆ ಗುಣವಾಗಿ ಅವರು ಮತ್ತೆ ವಿಮಾನ ನಡೆಸಿದರು.

ಈಗ ಹಾರಾಟ ಕಲಿಸುವ ಗುರುಗಳು ಶಿಷ್ಯರಿಗೆ ಮೊದಮೊದಲೇ ಬಾಯಿಪಾಠ ಮಾಡಿಸುವ ಮಾತೊಂದಿದೆ, ಅದನ್ನು ಕೇಳಿರಿ. ಎದ್ದ ಹೊಸತರಲ್ಲಿ, ಎತ್ತರ ಸಾಲದಿದ್ದಾಗ ಎಂಜಿನ್ ನಿಂತರೆ ಮೊದಲು ವಿಮಾನದ ಮೂತಿ ತಗ್ಗಿಸಬೇಕು. ಎರಡನೆಯದು, ಹಿಂದಕ್ಕೆ ತಿರುಗಬಾರದು. ಎದುರಿಗೆ, ಇಲ್ಲವೇ ತುಸು ಅತ್ತಿತ್ತ, ಎಲ್ಲಿ ಬಯಲು ಸಿಕ್ಕುವುದೋ ಅಲ್ಲಿ ಇಳಿಯಬೇಕು. ಕೇಳಲು ಎಷ್ಟು ಸರಳ! ಆದರೆ ಮನುಷ್ಯನ ಮನಸ್ಸು ಎರಡಕ್ಕೂ ಒಪ್ಪುವುದಿಲ್ಲ. ನೆಲ ಎದ್ದು ಬರುತ್ತಿರುವಾಗ ಕೈ ತಾನಾಗಿ ಮೂತಿಯನ್ನು ಮೇಲಕ್ಕೆ ಎಳೆಯುತ್ತದೆ. ಕಣ್ಣು ತಾನಾಗಿ ಬಿಟ್ಟು ಬಂದ ನಿಲ್ದಾಣವನ್ನು ಹುಡುಕುತ್ತದೆ.

ಯಾಕೆ ಹೀಗೆ ಎಂಬುದನ್ನು ಸೈಕಲ್ಲಿನಿಂದ ತಿಳಿಯಬಹುದು. ಏರಿನಲ್ಲಿ ಪೆಡಲ್ ತುಳಿಯುವುದು ಬಿಟ್ಟರೆ ಸೈಕಲ್ಲು ನಿಂತು ಬೀಳುತ್ತದೆ, ಇಳಿಜಾರಿನಲ್ಲಿ ತುಳಿಯದಿದ್ದರೂ ಓಡುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಕೆಳಗೆ ಹಾಯುವ ಗಾಳಿ. ಗಾಳಿ ಹಾಯಬೇಕಾದರೆ ವೇಗ ಬೇಕು. ಎಂಜಿನ್ ಇಲ್ಲದಾಗ ವೇಗ ಸಿಕ್ಕುವುದು ಇಳಿಯುವುದರಿಂದ ಮಾತ್ರ. ಮೂತಿ ಮೇಲೆತ್ತಿದರೆ ವೇಗ ಕುಂದಿ, ರೆಕ್ಕೆ ಹಿಡಿತ ಬಿಟ್ಟು, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಹಿಂದಕ್ಕೆ ತಿರುಗುವುದಂತೂ ಇನ್ನೂ ತುಟ್ಟಿ. ಹೊರಟ ಪಟ್ಟಿಯ ಮೇಲೆಯೇ ಮರಳಿ ಕೂಡಬೇಕೆಂದರೆ ಅರ್ಧ ಸುತ್ತು ಸಾಲದು, ಅದಕ್ಕಿಂತ ಹೆಚ್ಚು ಹೊರಳಬೇಕು. ಹೊರಳುವಾಗ ಎತ್ತರ ಬೇಗ ಕರಗುತ್ತದೆ, ಓರೆಯಾದ ರೆಕ್ಕೆ ಹಿಡಿತ ಬಿಡುವುದೂ ಬೇಗ. ಇದನ್ನು ಚೆನ್ನಾಗಿ ಬಲ್ಲವರೂ ಹೊರಳಿ ಸತ್ತಿದ್ದಾರೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಎದ್ದ ದೊಡ್ಡ ವಿಮಾನವೊಂದಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್ ಕೆಟ್ಟಾಗ, ಕ್ಯಾಪ್ಟನ್ ಸಲನ್‌ಬರ್ಗರ್ ಅವರಿಗೆ ನೆಲದ ಮೇಲಿನವರು ಮರಳಿ ಬರಲು ದಾರಿ ತೆರವು ಮಾಡಿಕೊಟ್ಟಿದ್ದರು. ಅವರು ಹೋಗಲಿಲ್ಲ. ಹಡ್ಸನ್ ನದಿಯ ನೀರಿನ ಮೇಲೆಯೇ ಇಳಿಸಿದರು. ಒಳಗಿದ್ದ 155 ಮಂದಿಯೂ ಉಳಿದರು.

ಸದ್ಭಕ್ತರೇ, ಇನ್ನು ನಮ್ಮ ಹೊಲಮನೆಗೆ ಬರೋಣ.

ನಾವು ವಾಣಿಜ್ಯ ಓದಿ ಲೆಕ್ಕ ಬರೆದು ಬೆಳೆದವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎತ್ತರ ಎಂದರೆ ಆಸ್ತಿ, ವೇಗ ಎಂದರೆ ಕೈಯಲ್ಲಿ ಓಡಾಡುವ ರೊಕ್ಕ. ಅಂಗಡಿಗಳು ಮುಚ್ಚುವುದು ಆಸ್ತಿ ಇಲ್ಲದ್ದರಿಂದ ಎಂದು ಹೊರಗಿನವರು ತಿಳಿಯುತ್ತಾರೆ. ಆಸ್ತಿ ಇದ್ದವರ ಅಂಗಡಿಯೂ ಮುಚ್ಚುತ್ತದೆ, ರೊಕ್ಕದ ಓಡಾಟ ನಿಂತಾಗ. ಮಳೆ ಕೈಕೊಟ್ಟಿತು, ಬೋರು ಬತ್ತಿತು, ದಾಳಿಂಬೆಗೆ ತೇಲ್ಯಾ ಹತ್ತಿತು, ಒಣದ್ರಾಕ್ಷಿಯ ದರ ಇಳಿಯಿತು, ಉದ್ದರಿ ಒಯ್ದವರು ಮರಳಿ ಕೊಡಲಿಲ್ಲ ಎಂದರೆ ಎಂಜಿನ್ ನಿಂತಿತೆಂದೇ ಅರ್ಥ. ಆಗ ಮಾಡಬೇಕಾದದ್ದು ಎತ್ತರವನ್ನು ತುಸು ಮಾರಿ ವೇಗವನ್ನು ಉಳಿಸಿಕೊಳ್ಳುವುದು. ಖರ್ಚು ಇಳಿಸುವುದು, ನಿಂತ ಗಾಡಿಯನ್ನು ಮಾರುವುದು, ಕಾಲೆಕರೆ ಹೊಲ ಕೊಟ್ಟಾದರೂ ಬಡ್ಡಿಯ ಬಾಯಿ ಮುಚ್ಚುವುದು. ಆದರೆ ನಾವು ನೋಡುವುದೇನು? ಆ ವರ್ಷವೇ ಮನೆಯ ಮುಂದೆ ಹೊಸ ಗಾಡಿ ಬರುತ್ತದೆ. ಆ ವರ್ಷವೇ ಮದುವೆಗೆ ಎರಡು ಸಾವಿರ ಎಲೆ ಬೀಳುತ್ತದೆ. ಮಂದಿಗೆ ಗೊತ್ತಾಗಬಾರದು ನೋಡಿರಿ! ಮೂತಿ ಮೇಲೆತ್ತಿ ಹಿಡಿದಿದ್ದೇವೆ, ವೇಗ ಕುಂದುತ್ತಿದೆ.

ನಮ್ಮ ಭಕ್ತರೊಬ್ಬರ ಮಾತು ಹೇಳುತ್ತೇವೆ, ಊರು ಹೆಸರು ಬೇಡ. ದಾಳಿಂಬೆ ಎರಡು ವರ್ಷ ಸತತ ಕೆಟ್ಟಿತ್ತು. ಮಗಳ ಮದುವೆ ಗೊತ್ತಾಗಿತ್ತು. ಪತ್ತಿನ ಸಂಘದ ಸಾಲ ಒಂದು ಕಡೆ, ಕೈಸಾಲ ಇನ್ನೊಂದು ಕಡೆ. ಮೊದಲಿನಂತೆಯೇ ಮಂಗಲ ಕಾರ್ಯಾಲಯ ಹಿಡಿದು ಮದುವೆ ಮಾಡಬೇಕೆಂದು ಮೂರನೆಯ ಸಾಲಕ್ಕೆ ಓಡಾಡುತ್ತಿದ್ದರು. ಅವರ ಮನೆಯವರು ಮಠಕ್ಕೆ ಬಂದಾಗ, ಸಾಮೂಹಿಕ ವಿವಾಹದಲ್ಲಿ ಮಾಡಿದರೆ ಮಂದಿ ಏನೆಂದಾರು ಎಂದು ನಾವೇ ಪರೀಕ್ಷೆಗೆ ಕೇಳಿದೆವು. ಆ ತಾಯಿ ಹೇಳಿದ್ದು: “ಮಂದಿ ಉಂಡ ಹೋಕ್ಕಾರ್ರೀ, ಕಂತ ನಾವ ಕಟ್ಟಬೇಕಲ್ಲ.” ಮದುವೆ ಮಠದ ಅಂಗಳದಲ್ಲಿ ಆಯಿತು. ಗಾಡಿ ಮಾರಿದರು. ದಾಳಿಂಬೆ ಗಿಡ ಕಿತ್ತು ಬಿಳಿಜೋಳ, ತೊಗರಿ ಹಾಕಿದರು. ಈಗಲೂ ಶ್ರೀಮಂತರಲ್ಲ. ರಾತ್ರಿ ನಿದ್ದೆ ಬರುತ್ತದೆ ಎನ್ನುತ್ತಾರೆ.

ಅಂದ ಹಾಗೆ, ಆ ಸಾಂಟಾ ಮೋನಿಕಾದ ವಿಮಾನದ ಎಂಜಿನ್ ನಿಂತದ್ದೇಕೆ ಎಂಬುದನ್ನು ಹೇಳಲಿಲ್ಲ. ತೈಲ ತೀರಿ ನಿಂತಿರಬೇಕು ಎಂದುಕೊಳ್ಳುತ್ತೀರಿ. ತೈಲ ಹೆಚ್ಚಾಗಿ ನಿಂತಿತು! ಹಳೆಯ ಮೋಟಾರು ಸೈಕಲ್ಲಿನಲ್ಲಿ ಇರುವಂತೆ ಅದಕ್ಕೂ ಕಾರ್ಬೊರೇಟರ್ ಉಂಟು. ಅದರೊಳಗೆ ಜೆಟ್ ಎಂಬ ಒಂದು ಪುಟ್ಟ ತೂತಿನ ತಿರುಪು, ಗಾಳಿಯ ಜೊತೆ ಇಷ್ಟೇ ಪೆಟ್ರೋಲು ಹೋಗಲಿ ಎಂದು ಅಳತೆ ಮಾಡಿ ಬಿಡುವುದು ಅದರ ಕಾಯಕ. ಆ ತಿರುಪು ತನ್ನ ಸ್ಥಾನದಿಂದ ಬಿಚ್ಚಿಕೊಂಡಿತ್ತು. ಅಳತೆ ತಪ್ಪಿತು, ಪೆಟ್ರೋಲು ಮಿತಿಮೀರಿ ನುಗ್ಗಿತು, ಎಂಜಿನ್ ಉಸಿರುಗಟ್ಟಿತು. ಆ ಕಾರ್ಬೊರೇಟರನ್ನು ಬಿಚ್ಚಿ ಕಟ್ಟಿ ಸುಮಾರು 17 ವರ್ಷಗಳಾಗಿದ್ದವು ಎಂದು ತನಿಖೆಯವರು ಬರೆದಿದ್ದಾರೆ. ಆ ಜೆಟ್ಟನ್ನು ಆಗಾಗ ನೋಡಬೇಕೆಂಬ ಸೂಚನೆಯೇ ಪುಸ್ತಕದಲ್ಲಿ ಇರಲಿಲ್ಲವಂತೆ. ಒಂದೇ ದಿನ ಸಡಿಲಾದದ್ದಲ್ಲ ಅದು. ಹಾರಿದಾಗೊಮ್ಮೆ ಕೂದಲೆಳೆಯಷ್ಟು ಸಡಿಲಾಗುತ್ತ ಬಂದಿರಬೇಕು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮಾರಯ್ಯನವರ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಬಡವರ ಮನೆ, ಹೆಚ್ಚು ಬಂದರೆ ಹಿಗ್ಗಬೇಕಾದ ಮಾತು. ಲಕ್ಕಮ್ಮನವರು ಹಿಗ್ಗಲಿಲ್ಲ. ನಮ್ಮ ದಿನದ ಅಳತೆ ಇಷ್ಟೇ, ಮಿಕ್ಕಿದ್ದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಕಳಿಸಿದರು. ಆ ಮನೆಯ ಜೆಟ್ ಲಕ್ಕಮ್ಮನವರು. ನಮ್ಮ ಮನೆಗಳಲ್ಲಿ ಆ ಅಳತೆ ಯಾರ ಕೈಯಲ್ಲಿದೆ? ಈಗ ಕೇಳದಿದ್ದರೂ ಸಾಲ ಕೊಡುತ್ತಾರೆ. ಫೋನಿನ ಮೇಲೆಯೇ ಬರುತ್ತದೆ, ಸಹಿಯೂ ಬೇಡ. ಔಷಧದಂಗಡಿಯವರು, ಗೊಬ್ಬರದಂಗಡಿಯವರು ಉದ್ದರಿ ಕೊಡುತ್ತಾರೆ, ಅಡತಿ ಅಂಗಡಿಯವರು ಮುಂಗಡ ಕೊಡುತ್ತಾರೆ. ಸಂಸಾರಗಳು ಇಲ್ಲದ್ದರಿಂದ ಕೆಡುವುದುಂಟು, ನಿಜ. ನಮ್ಮ ಕಚೇರಿಗೆ ಬಂದ ಕಾಗದ ಪತ್ರಗಳಲ್ಲಿ ಸುಲಭವಾಗಿ ಬಂದದ್ದರಿಂದ ಕೆಟ್ಟವರೇ ಹೆಚ್ಚು. ಗಂಡಸರು ಮನೆಯಲ್ಲಿ ಹೇಳದೆ ಮಾಡಿದ ಸಾಲಗಳೇ ಅವುಗಳಲ್ಲಿ ಬಹುಪಾಲು ಎಂಬುದನ್ನೂ ಬರೆದುಬಿಡುತ್ತೇವೆ, ಸಿಟ್ಟಾಗಬೇಡಿರಿ.

ಇನ್ನೊಂದು ಸಂಗತಿಯೂ ಆ ವರದಿಯಲ್ಲಿದೆ. ಫೋರ್ಡ್ ಅವರು ಹೆಗಲ ಪಟ್ಟಿ ಕಟ್ಟಿಕೊಂಡಿದ್ದರು. ಪಟ್ಟಿ ಹರಿಯಲಿಲ್ಲ. ಆದರೆ ಅದನ್ನು ಬಿಗಿದಿದ್ದ ಬೋಲ್ಟು ಆಸನದ ಬೆನ್ನಿಗೆ ಹಾಕಿದ್ದು, ಅಲ್ಲಿ ಆಸರೆಯ ತಗಡು ಇರಲಿಲ್ಲ. ಪೆಟ್ಟು ಬಿದ್ದಾಗ ಬೋಲ್ಟು ಆಸನವನ್ನು ಸೀಳಿಕೊಂಡು ಬಂದಿತು. ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗ್ಗ ಎಷ್ಟೇ ಗಟ್ಟಿಯಿರಲಿ, ಗೂಟ ಸಡಿಲಿದ್ದರೆ ಎತ್ತು ನಿಂತಿರುವುದು ತನ್ನ ಮರ್ಜಿಯಿಂದ ಮಾತ್ರ.

ಕೊರಳಲ್ಲಿ ಶಿವದಾರವಿದೆ, ಕರಡಿಗೆಯಲ್ಲಿ ಇಷ್ಟಲಿಂಗವಿದೆ. ಅದನ್ನು ಅಂಗೈಯಲ್ಲಿಟ್ಟು ನೋಡಿ ಎಷ್ಟು ದಿನವಾಯಿತು? ಗಡಿಯಾಚೆ ಮೂರು ನಾಲ್ಕು ತಲೆಮಾರು ಕಳೆದ ಮನೆಗಳಲ್ಲಿ ದಾರ ಕಟ್ಟುವ ಪದ್ಧತಿ ಉಳಿದಿದೆ, ಅದು ಹೆಮ್ಮೆಯೇ. ಕಟ್ಟಿದ ದಾರ ಒಳಗೆ ಯಾವುದಕ್ಕೆ ಬಿಗಿದಿದೆ ಎಂದು ನೋಡುವವರು ಕಡಿಮೆ. ಇಲ್ಲೊಬ್ಬ ಚುರುಕಿನ ತರುಣ ಎದ್ದು ಕೇಳಬಹುದು: ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕ ಬಿಟ್ಟು ಬಗ್ಗಲಿಲ್ಲವಲ್ಲ, ಲಿಂಗವೇ ಅವರ ಬೆನ್ನು ಹತ್ತಿ ಬಂದಿತಂತಲ್ಲ, ನಮಗೇಕೆ ಈ ಉಪದೇಶ? ಸರಿಯಪ್ಪಾ. ಚಂದಯ್ಯನವರ ಗೂಟ ಕಾಯಕದಲ್ಲಿ ಅಷ್ಟು ಆಳಕ್ಕೆ ಹೂತಿತ್ತು, ದಾರ ಹರಿದರೂ ಅವರು ಅಲ್ಲಾಡಲಿಲ್ಲ. ನಮ್ಮದು ಅಷ್ಟು ಆಳಕ್ಕಿದೆಯೇ ಎಂಬುದನ್ನು ಮಳೆ ಚೆನ್ನಾಗಿದ್ದಾಗ, ಕೈಯಲ್ಲಿ ರೊಕ್ಕವಿದ್ದಾಗಲೇ ಅಲ್ಲಾಡಿಸಿ ನೋಡುವುದು ಒಳ್ಳೆಯದು.

ಈಗ ಈ ಬರಹ ಬರೆಯಲು ನಮ್ಮನ್ನು ಕೂಡಿಸಿದ ಮಾತು. ವಿಮಾನದ ಗುರುಗಳು ಇನ್ನೊಂದನ್ನು ಹೇಳಿಕೊಡುತ್ತಾರೆ. ಎಂಜಿನ್ ನಿಂತ ಮೇಲೆ ವಿಮಾನವನ್ನು ಉಳಿಸಲು ನೋಡಬೇಡ, ಒಳಗಿರುವ ಜೀವವನ್ನು ಉಳಿಸು. ರೆಕ್ಕೆ ಮುರಿಯಲಿ, ಗಾಲಿ ಕಿತ್ತುಹೋಗಲಿ, ಮರಕ್ಕೆ ತಾಗಲಿ, ಅವು ಮುರಿದು ಪೆಟ್ಟನ್ನು ತಾವು ತಿಂದಷ್ಟೂ ನಿನಗೆ ಬೀಳುವ ಪೆಟ್ಟು ಕಡಿಮೆ. ಸಾಲದ ಚಿಂತೆಯಲ್ಲಿ ತಮ್ಮ ಜೀವವನ್ನೇ ಕಳೆದುಕೊಂಡ ಮನೆಗಳು ನಮ್ಮ ಸೀಮೆಯಲ್ಲಿವೆ. ಯಾವ ಊರು ಎಂದು ಬರೆಯಬೇಕಿಲ್ಲ, ಓದುವವರಿಗೆ ಗೊತ್ತಿದೆ. ಆ ಮನೆಗಳಲ್ಲಿ ಹೋಗಿ ಕುಳಿತಾಗ ನಾವು ಕಂಡದ್ದೆಂದರೆ ಹೊಲ ಇನ್ನೂ ಉಳಿದಿತ್ತು, ಮನೆ ನಿಂತಿತ್ತು, ಗಾಡಿ ಅಂಗಳದಲ್ಲಿತ್ತು, ಮಾನವೂ ಯಾರೂ ಕಸಿದುಕೊಳ್ಳದೆ ಹಾಗೇ ಇತ್ತು. ಇವುಗಳನ್ನೆಲ್ಲ ಉಳಿಸಲು ಹೋಗಿ ಮನುಷ್ಯನೇ ಇಲ್ಲವಾಗಿದ್ದ. ಹೊಲ ಹೋಗಲಿ, ಮನೆ ಅಡವಿರಲಿ, ನಾಲ್ಕು ಮಂದಿ ನಾಲ್ಕು ದಿನ ಆಡಿಕೊಳ್ಳಲಿ. ಅವು ರೆಕ್ಕೆ, ಗಾಲಿ. ಇಷ್ಟಲಿಂಗ ಧರಿಸಿದ ಈ ಕಾಯವನ್ನು ಶರಣರು ದೇವಾಲಯವೆಂದರು. ದೇವಾಲಯ ಒಡೆದು ಸಾಲ ತೀರಿಸುವ ಲೆಕ್ಕವನ್ನು ಮಂಗಳವೇಢೆಯಲ್ಲಿ ಬಿಜ್ಜಳನ ಭಂಡಾರದ ಕರಣಿಕರಾಗಿದ್ದ ಬಸವಣ್ಣನವರು ಒಪ್ಪುತ್ತಿದ್ದರೇ? ಮನಸ್ಸಿಗೆ ಅಂಥ ಕತ್ತಲೆ ಬಂದವರು ಒಬ್ಬರೇ ಕೂಡಬೇಡಿರಿ. ಆ ರಾತ್ರಿಯೇ ಯಾರನ್ನಾದರೂ ಎಬ್ಬಿಸಿರಿ, ಅಣ್ಣನನ್ನು, ನೆರೆಯವನನ್ನು, ಇಲ್ಲವೇ ಮಠದ ಬಾಗಿಲನ್ನು ತಟ್ಟಿರಿ. ಸ್ವಾಮಿಗಳು ಮಲಗಿದ್ದಾರೆಂದು ಮುಲಾಜು ಬೇಡ.

ಉಳಿದವರಿಗೂ ಒಂದು ಮಾತಿದೆ. ಹೊನ್ನಿಹಾಳದಲ್ಲಿ, ಕಡಬನವಾಡಿಯಲ್ಲಿ ವಿಮಾನ ಇಳಿಯಲು ಬಯಲು ಇತ್ತು. ಬಯಲು ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮೂತಿ ತಗ್ಗಿಸಿ ಏನು ಫಲ? ಸಾಲಗಾರನಾದ ಭಕ್ತ ತಗ್ಗಿ ಇಳಿಯಲು ಒಪ್ಪಿದರೂ, ಇಳಿಯಲು ನಾವು ಜಾಗ ಕೊಡಬೇಕಲ್ಲ. ಸಾಮೂಹಿಕ ವಿವಾಹದಲ್ಲಿ ಮಗಳನ್ನು ಕೊಟ್ಟವರ ಬಗ್ಗೆ ಬೀಗರ ಮನೆಯಲ್ಲಿ ಕೊಂಕು ನುಡಿಯುವವರು, ಹೊಲ ಮಾರಿದವನನ್ನು ಕಟ್ಟೆಯ ಮೇಲೆ ನಗುವವರು, ಬಯಲಿನಲ್ಲಿ ಕಲ್ಲು ಸುರಿಯುವವರು. ಅಂಥವರೂ ಮಠಕ್ಕೆ ಕಾಣಿಕೆ ಕೊಡುತ್ತಾರೆ. ನಾವು ರಸೀದಿಯನ್ನೂ ಕೊಡುತ್ತೇವೆ. ಅದನ್ನು ದಾಸೋಹದ ಲೆಕ್ಕದಲ್ಲಿ ಹೇಗೆ ಹಿಡಿಯುವುದೋ ತಿಳಿಯದು.

ಪೂಜ್ಯರ ಅಪ್ಪಣೆಯಂತೆ ಪ್ರತಿ ಅಮಾವಾಸ್ಯೆ ಪ್ರಸಾದದ ನಂತರ ನಾವು ಮಠದ ಕಚೇರಿಯಲ್ಲಿ ಇದಕ್ಕಾಗಿಯೇ ಕುಳಿತಿರುತ್ತೇವೆ. ಸಾಲದ ಕಾಗದ, ಪತ್ತಿನ ಸಂಘದ ಪಾಸ್‌ಬುಕ್ಕು, ಸಾತಬಾರಾ ಉತಾರೆ ಇವುಗಳನ್ನು ತನ್ನಿರಿ, ಮನೆಯವರನ್ನೂ ಕರೆದುಕೊಂಡು ಬನ್ನಿರಿ. ಬೆಳೆಸಾಲದ ಕಂತು ಕಟ್ಟಲಾಗದು ಎಂದು ಕಂಡ ಕೂಡಲೇ, ಗಡುವು ದಾಟುವ ಮೊದಲೇ, ಬ್ಯಾಂಕಿಗೆ ಅರ್ಜಿ ಕೊಡುವುದು ಲೇಸು. ಬರ, ಅತಿವೃಷ್ಟಿ ಘೋಷಣೆಯಾದ ಕಡೆ ಕಂತು ಮುಂದೂಡಿ ಸಾಲವನ್ನು ಹೊಸದಾಗಿ ಹೊಂದಿಸಿಕೊಡುವ ಅವಕಾಶ ಬ್ಯಾಂಕುಗಳಿಗೆ ಉಂಟು, ಆದರೆ ಕೇಳಿದವರಿಗೆ. ಮಹಾರಾಷ್ಟ್ರದಲ್ಲಿರುವ ಭಕ್ತರು ಇನ್ನೊಂದನ್ನು ತಿಳಿದಿರಬೇಕು. 2014ರ ಸಾವುಕಾರಿ ನಿಯಂತ್ರಣ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ. ಅಂಥವರು ಸಾಲಕ್ಕೆಂದು ಜಮೀನು ಬರೆಸಿಕೊಂಡಿದ್ದರೆ ಸಹಕಾರ ಇಲಾಖೆಯ ಜಿಲ್ಲಾ ಅಧಿಕಾರಿಗಳಲ್ಲಿ ದೂರು ಕೊಟ್ಟು ಅದನ್ನು ಮರಳಿ ಪಡೆಯಲು ದಾರಿಯಿದೆ. ಮರಾಠಿಯಲ್ಲಿ ಅರ್ಜಿ ಬರೆದುಕೊಡುವವರು ಮಠದಲ್ಲಿ ಇದ್ದಾರೆ. ಬಂದವರ ಹೆಸರನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಶಿವದಾರ ಸವೆದವರಿಗೆ ಹೊಸ ದಾರವನ್ನೂ ಅಲ್ಲಿಯೇ ಕೊಡಲಾಗುವುದು.